ಕಾರಿಲ್ಲದ ಮನೆಯ ಕಾರ್ ಶೆಡ್

ನಮ್ಮ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಕೀಲಿಗೊಂಚಲು ನೇತಾಡುತ್ತಿದೆ. ಅದಕ್ಕೆ ಕೆಂಪು ಬಣ್ಣದ ಪುಟ್ಟ ಪ್ಲಾಸ್ಟಿಕ್ ಕಾರೊಂದು ಅಂಟಿಕೊಂಡಿದೆ. ಗೃಹಪ್ರವೇಶಕ್ಕೆ ಶಾಲೆಯ ಸಹೋದ್ಯೋಗಿಯೊಬ್ಬರು ಕೊಟ್ಟ ಉಡುಗೊರೆ. ಒಂಬತ್ತು ವರ್ಷಗಳಿಂದ ಆ ಗೊಂಚಲಿನಲ್ಲಿ ಗೋದ್ರೆಜ್ ಕಪಾಟಿನ ಕೀಲಿ ಉಂಟು, ಗೇಟಿನ ಕೀಲಿ ಉಂಟು, ಯಾವುದರದ್ದೆಂದು ಯಾರಿಗೂ ಗೊತ್ತಿಲ್ಲದ ಕೀಲಿ ಎರಡುಂಟು. ಕಾರಿನ ಕೀಲಿ ಮಾತ್ರ ಇಲ್ಲ, ಏಕೆಂದರೆ ಕಾರು ಇಲ್ಲ. ಎರಡೂವರೆ ತಿಂಗಳ ಹಿಂದೆ ಅದರಿಂದ ಕಾರ್ ಶೆಡ್ಡಿನ ಕೀಲಿಯನ್ನು ಬಿಡಿಸಿ ಒಬ್ಬರಿಗೆ ಕೊಡಬೇಕಾಗಿ ಬಂತು. ಬಿಡಿಸುವಾಗ ನನ್ನ ಉಗುರು ಮುರಿಯಿತು. ಉಗುರು ಮತ್ತೆ ಬೆಳೆದಿದೆ, ಕತೆ ಇನ್ನೂ ಮುಗಿದ ಹಾಗಿಲ್ಲ. ನಿಮಗೆ ಪುರುಸೊತ್ತಿದ್ದರೆ ಪೂರ್ತಿ ಕೇಳಿ, ಇಲ್ಲದಿದ್ದರೆ ನಿಮ್ಮ ಬಸ್ಸು ಬರುವವರೆಗೆ ಕೇಳಿ.

ನಮ್ಮ ಮನೆ ಇರುವುದು ಆದಿ ಉಡುಪಿಯಲ್ಲಿ, ಬಸ್ ಸ್ಟಾಪಿನ ಎದುರು. ಎದುರು ಎಂದರೆ ಎದುರೇ, ಬ್ರೋಕರುಗಳು ಹೇಳುವ ಎದುರಲ್ಲ. ಮಲ್ಪೆಯಿಂದ ಮಣಿಪಾಲಕ್ಕೆ ಹೋಗುವ ಸಿಟಿ ಬಸ್ಸು ನಿಂತರೆ ಅದರ ಹೊಗೆ ನಮ್ಮ ತುಳಸಿಗೆ ತಾಗುತ್ತದೆ. ಮನೆ ಕಟ್ಟುವಾಗ ಅಮ್ಮನದ್ದು ಒಂದೇ ಷರತ್ತು. ದೇವರ ಕೋಣೆ ಸಣ್ಣದಾದರೂ ಅಡ್ಡಿಯಿಲ್ಲ, ಕಾರ್ ಶೆಡ್ ಬೇಕು. ಬೆಳ್ಮಣ್ಣಿನಲ್ಲಿ ನಲವತ್ತು ವರ್ಷ ಬೀಡಿ ಕಟ್ಟಿ ನನ್ನನ್ನು ಓದಿಸಿದ ಹೆಂಗಸು ಅವಳು. ಕಲಿತವರ ಮನೆ ಹೇಗಿರುತ್ತದೆ ಎಂದು ಅವಳು ನೋಡಿದ್ದು ಬೀಡಿ ಕೊಡಲು ಹೋಗುವ ದಾರಿಯಲ್ಲಿದ್ದ ಡಾಕ್ಟರ ಮನೆಯಲ್ಲಿ. ಅಲ್ಲಿ ಕಾರ್ ಶೆಡ್ ಇತ್ತು. ಆದ್ದರಿಂದ ನನ್ನ ಬಿ.ಎಸ್ಸಿ. ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿದರೂ ಅವಳಿಗೆ ಸಮಾಧಾನವಾಗಲಿಲ್ಲ, ಶೆಡ್ಡಿಗೆ ಶಟರ್ ಬಿದ್ದ ದಿನ ಆಯಿತು. ನಮ್ಮ ಕುಟುಂಬದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಈ ವಿಷಯವನ್ನು ನಾನು ಎಲ್ಲಿಯೂ ಹೇಳದೆ ಬಿಟ್ಟಿಲ್ಲ. ಇಲ್ಲೂ ಹೇಳಿದ್ದಾಯಿತು.

ಶೆಡ್ಡು ಹತ್ತಡಿ ಅಗಲ, ಹದಿನೆಂಟು ಅಡಿ ಉದ್ದ. ಒಳಗೆ ತೆಂಗಿನಕಾಯಿ, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ಕಡ್ಡಿ ಮುರಿದ ಕೊಡೆಗಳು, ಕೆಟ್ಟುಹೋದ ಗ್ರೈಂಡರ್. ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿರುವ ನನ್ನ ಗಂಡ ಸದಾನಂದರ ಸ್ಕೂಟರ್ ಮಾತ್ರ ಹೊರಗೆ, ಮಳೆಯಲ್ಲಿ, ಪ್ಲಾಸ್ಟಿಕ್ ಗೋಣಿ ಹೊದ್ದುಕೊಂಡು ನಿಲ್ಲುತ್ತಿತ್ತು. ಅದನ್ನು ಒಳಗಿಡಲು ಅಮ್ಮ ಬಿಡುತ್ತಿರಲಿಲ್ಲ. ಅದು ಕಾರಿನ ಜಾಗ. ತೆಂಗಿನಕಾಯಿ ಇಡಬಹುದು, ಅದನ್ನು ಬೇಕಾದಾಗ ತೆಗೆಯಬಹುದು. ಸ್ಕೂಟರಿಗೆ ಜಾಗ ಕೊಟ್ಟರೆ ಅಳಿಯನಿಗೆ ಕಾರಿನ ಆಸೆಯೇ ಹೋದೀತು ಎಂಬುದು ಅವಳ ಲೆಕ್ಕ. ಅಳಿಯನಿಗೆ ಆ ಆಸೆ ಯಾವತ್ತೂ ಇರಲಿಲ್ಲ. ಅವರಿಗೆ ನಾಲ್ಕು ಚಕ್ರದ ಮೇಲೆ ಕುಳಿತರೆ ವಾಂತಿ.

ನನ್ನ ಮಟ್ಟಿಗೆ, ನಾನು ಪಕ್ಕಾ ಬಸ್ಸಿನ ಜಾತಿ. ನನ್ನ ಡಿಗ್ರಿಯ ಅರ್ಧ ಭಾಗ ಕಾಲೇಜಿನದ್ದು, ಉಳಿದರ್ಧ ಬಸ್ಸಿನದ್ದು. ಬೆಳ್ಮಣ್ಣಿನಿಂದ ಪಡುಬಿದ್ರಿಗೆ ಒಂದು ಬಸ್ಸು, ಅಲ್ಲಿಂದ ಉಡುಪಿಗೆ ಇನ್ನೊಂದು. ಎರಡನೆಯದರಲ್ಲಿ ಎರ್ಮಾಳಿನ ಮೀನುಗಾರ ಹೆಂಗಸರು ಹತ್ತುತ್ತಿದ್ದರು. ಸೀಟು ಸಿಕ್ಕಿದ ದಿನ ಅವರಲ್ಲೊಬ್ಬರ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡಿ, ಕಾಲೇಜಿನಲ್ಲಿ ಬಂಗುಡೆ ಮೀನಿನ ಪರಿಮಳದೊಂದಿಗೆ ಕ್ಯಾಲ್ಕುಲಸ್ ಕಲಿತವಳು ನಾನು. ಮುಂದಿನ ಬೆಂಚಿನ ಹುಡುಗಿಯರು ಮೂಗಿಗೆ ಕರ್ಚೀಫ್ ಹಿಡಿಯುತ್ತಿದ್ದರು. ಪರೀಕ್ಷೆಯ ಹಿಂದಿನ ವಾರ ಅದೇ ಮೂಗುಗಳು ನನ್ನ ನೋಟ್ಸಿನಲ್ಲಿ ಹುದುಗಿರುತ್ತಿದ್ದವು.

ಬೆಳ್ಮಣ್ಣಿನ ನಮ್ಮ ಮನೆ ರಸ್ತೆಯಿಂದ ಸಾಕಷ್ಟು ಒಳಗಿತ್ತು. ನಾನು ಜಡೆ ಹೆಣೆದು, ಗದ್ದೆಯ ಹುಣಿಯ, ಎಂದರೆ ಬದುವಿನ, ಮೇಲೆ ಓಡಿ ಬರುವಷ್ಟರಲ್ಲಿ ಬಸ್ಸು ಹೋಗಿಬಿಡುತ್ತಿತ್ತು. ಅದಕ್ಕೆ ಅಮ್ಮ ಒಂದು ಉಪಾಯ ಮಾಡಿದಳು. ನನಗಿಂತ ಮೊದಲೇ ಹೋಗಿ ರಸ್ತೆಯ ನಡುವೆ ಕೊಡೆ ಅಡ್ಡ ಹಿಡಿದು ನಿಂತುಬಿಡುವುದು. ಡ್ರೈವರಿಗೆ ಎರಡೇ ದಾರಿ, ನಿಲ್ಲಿಸುವುದು ಅಥವಾ ಜೈಲು. ಕರಾವಳಿಯ ಖಾಸಗಿ ಬಸ್ಸಿಗೆ ಒಂದು ನಿಮಿಷ ಎಂದರೆ ಎಂತದ್ದೆಂದು ನಿಮಗೆ ಗೊತ್ತಲ್ಲ, ಹಿಂದಿನಿಂದ ಇನ್ನೊಂದು ಕಂಪನಿಯ ಬಸ್ಸು ಹಾರ್ನ್ ಹೊಡೆಯುತ್ತ ಬರುತ್ತಿರುತ್ತದೆ. ಡ್ರೈವರ್ ತಲೆ ಹೊರಗೆ ಹಾಕಿ ಬೈದರೆ ಅಮ್ಮ ಹೇಳುತ್ತಿದ್ದದ್ದು ಒಂದೇ ಮಾತು, “ಅವಳು ಬಿ.ಎಸ್ಸಿ. ಮಾಡುದು. ನೀನು ಒಂದು ನಿಮಿಷ ನಿಲ್ಲು ಮಗಾ.” ಮೂರು ವರ್ಷದಲ್ಲಿ ಆ ರೂಟಿನ ಎಲ್ಲರಿಗೂ ನನ್ನ ಡಿಗ್ರಿ ಬಾಯಿಪಾಠವಾಗಿತ್ತು. ಫಲಿತಾಂಶ ಬಂದ ದಿನ ಕಂಡಕ್ಟರ್ ಟಿಕೆಟ್ ಕೊಡಲಿಲ್ಲ. “ನಾವೂ ಪಾಸ್ ಅಲ್ವಾ” ಎಂದ.

ಹೀಗೆ ಪಾಸಾದವಳು ಹೈಸ್ಕೂಲಿನ ಗಣಿತದ ಟೀಚರ್ ಆದೆ. ‘ಒಂದು ಬಸ್ಸು ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಚಲಿಸಿದರೆ’ ಎಂಬ ಲೆಕ್ಕ ಬಂದಾಗಲೆಲ್ಲ ನನಗೆ ನಗು. ಪುಸ್ತಕದ ಬಸ್ಸಿಗೆ ಹಲಸಿನಹಣ್ಣು ಹೇರುವುದಿಲ್ಲ, ಯಾರ ಅಮ್ಮನೂ ಅಡ್ಡ ನಿಲ್ಲುವುದಿಲ್ಲ. ಅದು ಹೊರಟಲ್ಲಿಂದ ತಲುಪುವಲ್ಲಿಗೆ ಸುಮ್ಮನೆ ಹೋಗುತ್ತದೆ. ಅದರಲ್ಲಿ ಕೂತವರ ಮನೆ ಸ್ಟಾಪಿನಿಂದ ಎಷ್ಟು ದೂರ ಎಂದು ಪುಸ್ತಕ ಕೇಳುವುದೇ ಇಲ್ಲ.

ಆ ಪ್ರಶ್ನೆಯನ್ನು ನನ್ನ ಮುಂದೆ ತಂದದ್ದು ಮೈಮುನಾ. ನನ್ನ ಹಳೆಯ ವಿದ್ಯಾರ್ಥಿನಿ. ಕಾಪುವಿನಿಂದ ಒಳಗಿನ ಹಳ್ಳಿಯ ಬ್ಯಾರಿ ಮುಸ್ಲಿಂ ಹುಡುಗಿ, ತಂದೆ ಇಲ್ಲ, ತಾಯಿ ಹೊಲಿಗೆ ಮಾಡುತ್ತಾರೆ. ಮನೆಯಲ್ಲಿ ಡಿಗ್ರಿ ಕಂಡ ಮೊದಲನೆಯವಳು, ನನ್ನ ಹಾಗೆ. ಲ್ಯಾಬ್ ಟೆಕ್ನಿಷಿಯನ್ ಓದಿ ಮಣಿಪಾಲದ ಒಂದು ಲ್ಯಾಬಿನಲ್ಲಿ ಕೆಲಸ ಹಿಡಿದಿದ್ದಳು. ಬೆಳಿಗ್ಗೆ ಆರಕ್ಕೆ ಡ್ಯೂಟಿ, ರಕ್ತ ತೆಗೆಯುವುದು. ಕಾಪುವಿನ ಮೊದಲ ಬಸ್ಸು ಹಿಡಿದು, ಉಡುಪಿಯಲ್ಲಿ ಬದಲಾಯಿಸಿ, ಮಣಿಪಾಲ ಮುಟ್ಟುವಾಗ ಆರೂ ಇಪ್ಪತ್ತು. ಆ ಇಪ್ಪತ್ತು ನಿಮಿಷ ಅಲ್ಲಿ ಕಾಯುವವರು ಯಾರು? ರಾತ್ರಿಯಿಂದ ಉಪವಾಸವಿದ್ದ ಸಕ್ಕರೆ ಕಾಯಿಲೆಯವರು. ಹಸಿದ ಸಕ್ಕರೆ ಕಾಯಿಲೆಯವರಿಗಿಂತ ದೊಡ್ಡ ದೂರುದಾರರು ಭೂಮಿಯ ಮೇಲಿಲ್ಲ. ಆರು ತಿಂಗಳ ಪರೀಕ್ಷಾ ಅವಧಿ ಅವಳದ್ದು. ಎರಡೂವರೆ ತಿಂಗಳು ಮುಗಿದಿತ್ತು. ಇನ್ನು ತಡವಾದರೆ ಬರುವುದೇ ಬೇಡ ಎಂದು ಮೇಲಿನವರು ಹೇಳಿಯಾಗಿತ್ತು.

“ಟೀಚರ್, ಸಿಟಿ ಬಸ್ಸಿನ ಹತ್ತಿರ ಒಂದು ಸಣ್ಣ ರೂಮ್ ಇದ್ರೆ ಹೇಳ್ತೀರಾ?” ಎಂದಳು. ನಾನು ಟೀಚರ್ ಅಲ್ವಾ, ಹೇಳುವುದೇ ಕೆಲಸ. ಭಾನುವಾರ ಅವಳೊಂದಿಗೆ ಹೊರಟೆ.

ಮೊದಲ ಮನೆಯ ಬ್ರೋಕರ್ ಬಸ್ ಸ್ಟಾಪಿಗೆ ಎರಡು ನಿಮಿಷ ಎಂದಿದ್ದ. ವಾಚು ನೋಡಿಕೊಂಡು ನಡೆದೆವು. ಹತ್ತೊಂಬತ್ತು ನಿಮಿಷ, ಮತ್ತು ಒಂದು ನಾಯಿ. ಎರಡು ನಿಮಿಷ ಯಾರ ಕಾಲಿನಲ್ಲಿ ಎಂದು ಕೇಳಿದರೆ ಅವನು ತನ್ನ ಬೈಕನ್ನು ತೋರಿಸಿದ. ಎರಡನೆಯದು ಮಣಿಪಾಲದಲ್ಲೇ. ನಮ್ಮ ಶೆಡ್ಡಿನ ಅರ್ಧದಷ್ಟು ಕೋಣೆ, ಅದರಲ್ಲಿ ಮೂರು ಮಂಚ. ವಿಮಾನದಲ್ಲಿ ಬಂದು ಓದುವ ಮಕ್ಕಳಿಗೆಂದು ಇಟ್ಟ ಬಾಡಿಗೆ. ಆ ಬಾಡಿಗೆಗೆ ಮೈಮುನಾಳ ಸಂಬಳವನ್ನು ಪೂರ್ತಿ ಕೊಟ್ಟರೂ ಊಟಕ್ಕೆ ಅವಳು ತಾನು ತೆಗೆದ ರಕ್ತವನ್ನೇ ಕುಡಿಯಬೇಕಿತ್ತು. ನಮ್ಮ ಊರಿನ ಲೆಕ್ಕ ಸುಲಭ. ಬಸ್ ಸ್ಟಾಪಿನಿಂದ ದೂರ ಹೋದ ಹಾಗೆ ಬಾಡಿಗೆ ಇಳಿಯುತ್ತದೆ, ಮಂಡಿನೋವು ಏರುತ್ತದೆ. ವಿಲೋಮಾನುಪಾತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಪಠ್ಯಪುಸ್ತಕದಲ್ಲಿಲ್ಲ.

ಮೂರನೆಯದು ಚೆನ್ನಾಗಿತ್ತು. ಸ್ಟಾಪಿನ ಹತ್ತಿರ, ಮಹಡಿಯ ಮೇಲೆ, ಬಾಡಿಗೆಯೂ ಹಿತ. ಮನೆಯ ಯಜಮಾನರು ನನ್ನನ್ನು ಕೂರಿಸಿ ಕುಡಿಯಲು ಮಜ್ಜಿಗೆ ಕೊಟ್ಟರು. ಹುಡುಗಿಯ ಹೆಸರೆಂತ ಎಂದು ಕೇಳಿದರು. ಮೈಮುನಾ ಹೇಳಿದಳು. ಆಗ ಅವರಿಗೆ ಮುಂಬೈಯಲ್ಲಿರುವ ತಮ್ಮನ ನೆನಪಾಯಿತು. ತಮ್ಮ ಮುಂದಿನ ತಿಂಗಳು ಬರುತ್ತಾನಂತೆ, ಆ ಕೋಣೆಯಲ್ಲೇ ಇರುತ್ತಾನಂತೆ. ‘ಬಾಡಿಗೆಗೆ ಉಂಟು’ ಎಂದು ಬೋರ್ಡಿನಲ್ಲಿ ಬರೆದಿರುತ್ತದೆ, ಯಾರಿಗೆ ಎಂದು ಬರೆದಿರುವುದಿಲ್ಲ. ನಾನು ಕಾಲೇಜಿನ ದಿನಗಳಲ್ಲಿ ಕೋಣೆ ಹುಡುಕಿದಾಗ “ಅಮ್ಮ ಎಂತ ಮಾಡುದು?” ಎಂದು ಕೇಳುತ್ತಿದ್ದರು. ಬೀಡಿ ಎಂದ ಕೂಡಲೇ ಆಗಲೂ ಒಬ್ಬ ತಮ್ಮ ಮುಂಬೈಯಿಂದ ಹೊರಡುತ್ತಿದ್ದ. ಅವನು ಇನ್ನೂ ತಲುಪಿಲ್ಲ ಎಂದಾಯಿತು.

ಹಿಂದಿರುಗುವಾಗ ನಮ್ಮ ಸ್ಟಾಪಿನಲ್ಲಿ ನಾನು ಇಳಿದೆ, ಮೈಮುನಾ ಬಸ್ಸಿನ ಕಿಟಕಿಯಿಂದ ಕೈ ಬೀಸಿ ಹೋದಳು. ಹೈಸ್ಕೂಲಿನಲ್ಲಿದ್ದಾಗ ಒಂದು ಮಳೆಗೆ ಅವಳು ನಮ್ಮ ಶೆಡ್ಡಿನಲ್ಲೇ ನಿಂತಿದ್ದಳು, ತೆಂಗಿನಕಾಯಿಯ ರಾಶಿಯ ಪಕ್ಕದಲ್ಲಿ. ಅದು ಅವಳಿಗೆ ನೆನಪಿರಲೇಬೇಕು. ನನಗೂ ಇತ್ತು. ಆದರೂ ಇಡೀ ದಿನ ನಾನು ಅವಳಿಗೆ ಊರಿನ ಎಲ್ಲ ಮನೆಗಳನ್ನು ತೋರಿಸಿದೆ, ನನ್ನದೊಂದನ್ನು ಬಿಟ್ಟು.

ಅದೇ ವಾರ ನಮ್ಮ ಶಾಲೆಯ ಹಾಲ್‌ನಲ್ಲಿ ನಗರಸಭೆಯವರ ಒಂದು ಸಭೆ. ಊರಿನ ಮುಂದಿನ ಯೋಜನೆಗೆ ನಾಗರಿಕರ ಸಲಹೆ ಬೇಕಂತೆ. ಬಂದ ನಾಗರಿಕರಲ್ಲಿ ಹೆಚ್ಚಿನವರು ಚರಂಡಿಯ ವಿಷಯ ಮಾತಾಡಿದರು. ಆಮೇಲೆ ನಾನು ಎದ್ದೆ. ಹತ್ತು ವರ್ಷದಿಂದ ಗಣಿತ ಕಲಿಸಿ ಅಭ್ಯಾಸವಾದ ಗಂಟಲು, ಮೈಕು ಬೇಕಾಗಲಿಲ್ಲ. ಬಸ್ಸು ಓಡುವ ರಸ್ತೆಯ ಎರಡೂ ಬದಿಗೆ, ನಡೆದು ಮುಟ್ಟುವಷ್ಟು ದೂರದಲ್ಲಿ, ಸಣ್ಣ ಸಂಬಳದವರಿಗೆ ಸಣ್ಣ ಮನೆಗಳಿರಲಿ ಎಂದೆ. ಅಲ್ಲಿ ಇನ್ನೊಂದು ಮಹಡಿ ಏರಿಸಲು ಅನುಮತಿ ಕೊಡಿ, ಬದಲಿಗೆ ಒಂದೆರಡು ಕೋಣೆ ಕಡಿಮೆ ಬಾಡಿಗೆಗೆ ಇಡಲು ಹೇಳಿ ಎಂದೆ. ಡ್ಯೂಟಿ ಆರಕ್ಕೆ ಶುರುವಾಗುವುದಾದರೆ ಮೊದಲ ಬಸ್ಸು ಆರಕ್ಕೆ ಮೊದಲು ಮುಟ್ಟಲಿ ಎಂದೆ. ಕೊನೆಗೆ ನನ್ನ ಮೆಚ್ಚಿನ ಅಂಶ. ಬಸ್ಸಿನಲ್ಲಿ ಹೋಗುವವರು ಕಟ್ಟುವ ಮನೆಗೂ ಕಾರಿಗೆ ಜಾಗ ತೋರಿಸಬೇಕೆಂಬ ನಿಯಮ ಯಾಕೆ, ಮನುಷ್ಯರಿಗೆ ಸೂರಿಲ್ಲದ ಊರಿನಲ್ಲಿ ಇಲ್ಲದ ಕಾರಿಗೆ ಸೂರು ಯಾಕೆ ಎಂದು ಕೇಳಿದೆ. ಚಪ್ಪಾಳೆ ಬಿತ್ತು. ವೇದಿಕೆಯ ಇಂಜಿನಿಯರ್ ತಲೆದೂಗುತ್ತ ಪುಸ್ತಕದಲ್ಲಿ ಏನೋ ಬರೆದುಕೊಂಡರು. ನನ್ನ ಮಾತು ಸರ್ಕಾರದ ಪುಸ್ತಕ ಸೇರಿತಲ್ಲ ಎಂದು ನನಗೆ ಮೈ ಉಬ್ಬಿತು. ಹೋಗುವಾಗ ಅವರ ಹಿಂದಿನಿಂದ ಇಣುಕಿ ನೋಡಿದೆ. ‘ಕಾರ್ಕಳ ಎಕ್ಸ್‌ಪ್ರೆಸ್ ೫.೪೦’ ಎಂದು ಬರೆದಿದ್ದರು. ಪಾಪ, ಅವರೂ ದಿನಾ ಬಸ್ಸಿನಲ್ಲಿ ಬರುವವರೇ.

ಅದಕ್ಕಿಂತ ಮೊದಲು ಇನ್ನೊಂದು ನಡೆದಿತ್ತು. ಚಪ್ಪಾಳೆ ನಿಂತ ಕೂಡಲೇ ನಮ್ಮ ಸ್ಟಾಪಿನಲ್ಲಿ ಶರಬತ್ತಿನ ಅಂಗಡಿ ಇಟ್ಟಿರುವ ಭಾಸ್ಕರಣ್ಣ ಹಿಂದಿನ ಸಾಲಿನಿಂದ ಎದ್ದರು. ಅವರ ಅಂಗಡಿಯಿಂದ ನಮ್ಮ ಶಟರ್ ನೇರವಾಗಿ ಕಾಣುತ್ತದೆ.

“ಟೀಚರ್, ಮಾತು ಚಂದ ಆಯ್ತು. ನಿಮ್ಮ ಶೆಡ್ಡಿನಲ್ಲಿ ಯಾವ ಕಾರು ಉಂಟು ಮಾರಾಯ್ರೆ? ಒಂಬತ್ತು ವರ್ಷ ಆಯ್ತು, ನಾನು ಒಂದು ಸಲವೂ ನೋಡ್ಲಿಲ್ಲ.”

ಸಭೆ ನಕ್ಕಿತು. ನಾನೂ ನಕ್ಕೆ. ತಪ್ಪು ಉತ್ತರ ಬರೆದ ಹುಡುಗರು ನಗುವ ಹಾಗೆ.

ಮನೆಗೆ ಬಂದು ಅಮ್ಮನ ಹತ್ತಿರ ವಿಷಯ ತೆಗೆದೆ. ಅಂಗಳದ ಬಚ್ಚಲು ಹೇಗೂ ಉಂಟು, ಶಟರ್ ಇದ್ದಲ್ಲಿ ಗೋಡೆ ಎಬ್ಬಿಸಿ ಒಂದು ಬಾಗಿಲು, ಒಂದು ಕಿಟಕಿ ಇಟ್ಟರೆ ಕೋಣೆಯಾಗುತ್ತದೆ ಎಂದೆ. ಅವಳು ತೆಂಗಿನ ಗರಿಯಿಂದ ಹಿಡಿಸೂಡಿ ಪೊರಕೆಗೆ ಕಡ್ಡಿ ಸೀಳುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಕಾರು ಬಂದ್ರೆ ಎಲ್ಲಿ ಇಡುದು?”

“ಯಾವ ಕಾರು ಅಮ್ಮ?”

“ಬರುವ ಕಾರು.”

ಸದಾನಂದರು ಮೆಲ್ಲನೆ ಹೊರಗೆದ್ದು ಹೋಗಿ ತಮ್ಮ ಸ್ಕೂಟರಿನ ಗೋಣಿಯನ್ನು ಸರಿಪಡಿಸತೊಡಗಿದರು. ಅಮ್ಮನಿಗೆ ಬ್ಯಾರಿ ಹುಡುಗಿ ಎಂಬುದು ವಿಷಯವೇ ಆಗಿರಲಿಲ್ಲ, ಬೆಳ್ಮಣ್ಣಿನಲ್ಲಿ ಅವಳ ಅರ್ಧ ಆಯುಷ್ಯ ಪಕ್ಕದ ಮನೆಯ ಖತೀಜಮ್ಮನ ಜಗಲಿಯಲ್ಲಿ ಬೀಡಿ ಕಟ್ಟುತ್ತಲೇ ಕಳೆದದ್ದು. ವಿಷಯ ಕಾರಿನದ್ದೇ. ಶೆಡ್ಡು ಹೋದರೆ ಮಗಳು ಮತ್ತೆ ಬೀಡಿಯವಳ ಮಗಳಾಗುತ್ತಾಳೆ ಎಂದು ಅವಳಿಗೆ ಅನಿಸಿರಬೇಕು. ನನಗೂ ಹಾಗೆಯೇ ಅನಿಸುತ್ತಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಇಲ್ಲದಿದ್ದರೆ ಆ ಭಾನುವಾರ ಮೂರು ಮನೆ ಸುತ್ತುವ ಅಗತ್ಯವೇ ಇರಲಿಲ್ಲ.

ಇನ್ನೊಂದು ಗರಿ ಎತ್ತಿಕೊಳ್ಳುತ್ತ ಅಮ್ಮ ಕೇಳಿದಳು, ಆ ಹುಡುಗಿಗೆ ಬಸ್ಸು ತಪ್ಪುವುದಾದರೆ ಅದಕ್ಕೆ ಅಡ್ಡ ನಿಂತು ನಿಲ್ಲಿಸುವವರು ಮನೆಯಲ್ಲಿ ಯಾರೂ ಇಲ್ಲವಾ ಎಂದು. ಉಂಟು ಎಂದೆ. ದಿನಾ ನಾಲ್ಕೂವರೆಗೆ ಅವಳ ತಾಯಿ ಟಾರ್ಚ್ ಹಿಡಿದುಕೊಂಡು ರಸ್ತೆಯವರೆಗೆ ಬರುತ್ತಾರೆ, ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಾರೆ, ಬಸ್ಸೂ ನಿಲ್ಲುತ್ತದೆ, ಆದರೆ ಮೊದಲ ಬಸ್ಸೇ ತಡ, ಅದಕ್ಕೆ ತಾಯಿ ಏನು ಮಾಡಿಯಾರು ಎಂದೆ. ಅಮ್ಮ ಕಡ್ಡಿ ಸೀಳುವುದನ್ನು ನಿಲ್ಲಿಸಿದಳು. ಊಟ ಬಡಿಸಿದಳು, ಮಲಗಿದಳು.

ಬೆಳಿಗ್ಗೆ ಎದ್ದು ನೋಡಿದರೆ ಅಂಗಳದ ತುಂಬ ತೆಂಗಿನಕಾಯಿ. ಅಮ್ಮ ಸೆರಗು ಸಿಕ್ಕಿಸಿಕೊಂಡು ಶೆಡ್ಡಿನ ಒಳಗಿನಿಂದ ನನ್ನ ಹಳೆಯ ಪ್ರಶ್ನೆಪತ್ರಿಕೆಗಳನ್ನು ಹೊರಗೆ ಎಸೆಯುತ್ತಿದ್ದಳು. “ಒಂದು ಹೇಳಿ ಬಿಡು ಅವಳಿಗೆ,” ಎಂದಳು. “ಕಾರು ಬಂದ ದಿನ ಖಾಲಿ ಮಾಡ್ಬೇಕು.”

ಗೋಡೆ ಎದ್ದಿತು, ಕಿಟಕಿ ಬಂತು, ಹೊಸ ಬಾಗಿಲಿಗೆ ಶಟರಿನ ಹಳೆಯ ಬೀಗವನ್ನೇ ಹಾಕಿ ಅದರ ಕೀಲಿಯನ್ನು ಮೈಮುನಾಳಿಗೆ ಕೊಟ್ಟೆ. ಬಾಡಿಗೆಯನ್ನು ಅಮ್ಮನೇ ನಿಶ್ಚಯಿಸಿದಳು, ಹುಡುಗಿಯ ಸಂಬಳ ತಿಂಗಳ ಕೊನೆಯವರೆಗೆ ಉಸಿರಾಡುವಷ್ಟು. ಮೈಮುನಾ ಬಂದ ದಿನ ಅವಳ ತಾಯಿ ಹೊಲಿದ ಕಿಟಕಿ ಪರದೆಯೂ, ಒಂದು ಡಬ್ಬಿ ತುಂಬ ಪತ್ತಿರಿ ಎಂಬ ಅಕ್ಕಿರೊಟ್ಟಿಯೂ ಜೊತೆಗೆ ಬಂದವು. ಮೈಮುನಾ ನನ್ನ ಅಮ್ಮನೊಂದಿಗೆ ಮಾತಾಡುವ ತುಳು ನನ್ನ ಗಂಡನ ತುಳುವಿಗಿಂತ ಚೆಂದ. ಮುಂಜಾನೆ ಐದೂ ಕಾಲಿಗೆ ಮಲ್ಪೆ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿದರೆ ಅಮ್ಮ ಗೇಟಿನ ಹೊರಗೆ ಕೊಡೆ ಹಿಡಿದು ನಿಂತಿರುತ್ತಾಳೆ, ಮಳೆ ಇಲ್ಲದಿದ್ದರೂ. ಬಾಗಿಲಿನಿಂದ ಸ್ಟಾಪಿಗೆ ಹದಿನಾಲ್ಕು ಹೆಜ್ಜೆ, ಬಸ್ಸು ತಪ್ಪುವ ಮಾತೇ ಇಲ್ಲ. ಆದರೂ ನಿಲ್ಲುತ್ತಾಳೆ. ಮಣಿಪಾಲದ ಸಕ್ಕರೆ ಕಾಯಿಲೆಯವರು ಈಗ ಸರಿಯಾದ ಹೊತ್ತಿಗೆ ಇಡ್ಲಿ ತಿನ್ನುತ್ತಿದ್ದಾರೆ. ಎರಡೂವರೆ ತಿಂಗಳಲ್ಲಿ ಒಂದು ದಿನವೂ ಮೈಮುನಾಳಿಗೆ ತಡವಾಗಲಿಲ್ಲ. ಪರೀಕ್ಷಾ ಅವಧಿ ಮುಗಿಯಲು ಹದಿನೈದು ದಿನ ಬಾಕಿ ಇದೆ.

ಇಲ್ಲಿಗೆ ನಿಲ್ಲಿಸಿದ್ದರೆ ಸುಖವಾಗಿತ್ತು. ಆದರೆ ನಮ್ಮಂಥ ಮೊದಲ ತಲೆಮಾರಿನ ಪದವೀಧರರಿಗೆ ಒಂದು ರೋಗ ಉಂಟು. ಎಲ್ಲವನ್ನೂ ಅರ್ಜಿಯಲ್ಲಿ ಬರೆದು ತಿಳಿಸದಿದ್ದರೆ ನಮಗೆ ನಿದ್ದೆ ಬರುವುದಿಲ್ಲ. ತಲೆತಲಾಂತರದಿಂದ ಕಲಿತವರಿಗೆ ಯಾವುದನ್ನು ಬರೆಯಬಾರದು ಎಂಬುದೂ ಗೊತ್ತಿರುತ್ತದೆ. ನಾನು ಚೆಂದದ ಅಕ್ಷರದಲ್ಲಿ, ಮಾನ್ಯರೇ ಎಂದು ಶುರು ಮಾಡಿ, ಕಾರ್ ಶೆಡ್ಡನ್ನು ವಾಸದ ಕೋಣೆಯಾಗಿ ಮಾರ್ಪಡಿಸಿದ್ದೇನೆ, ದಾಖಲೆಯಲ್ಲಿ ತಿದ್ದಬೇಕಾಗಿ ವಿನಂತಿ ಎಂದು ನಗರಸಭೆಯ ಕಚೇರಿಗೆ ಬರೆದುಕೊಟ್ಟೆ. ಭಾಸ್ಕರಣ್ಣ ಇದನ್ನು ಕೇಳಿ ಲಿಂಬೆ ಹಿಂಡುವುದನ್ನೇ ನಿಲ್ಲಿಸಿ, ನೀವು ನಿಜವಾಗಿಯೂ ಬಿ.ಎಸ್ಸಿ.ಯಾ ಎಂದರು.

ಮೊನ್ನೆ ಶನಿವಾರ ಎರಡು ಗಂಟೆಯ ಹೊತ್ತಿಗೆ ಸಿಟಿ ಬಸ್ಸಿನಿಂದ ಇಳಿದು ನಮ್ಮ ಗೇಟು ತೆರೆದವರು ಅದೇ ಇಂಜಿನಿಯರ್. ಕೈಯಲ್ಲಿ ಮನೆಯ ನಕ್ಷೆ. ಅವರಿಗೆ ನನ್ನ ಗುರುತು ಸಿಕ್ಕಿತು, ಸಂಕೋಚಪಟ್ಟರು. ನಿಮ್ಮ ಭಾಷಣ ಒಳ್ಳೆಯದಿತ್ತು ಮೇಡಂ, ಆದರೆ ನಿಯಮ ಇನ್ನೂ ಬದಲಾಗಲಿಲ್ಲ ಎಂದರು. ನಕ್ಷೆಯಲ್ಲಿ ಇಲ್ಲಿ ವಾಹನ ನಿಲುಗಡೆ ಎಂದುಂಟು, ಮೊದಲಿನ ಹಾಗೆ ಮಾಡಿ ಎಂದು ಬರೆಯಬೇಕಾಗುತ್ತದೆ, ಹದಿನೈದು ದಿನದ ಸಮಯ ಕೊಡಬಹುದು ಎಂದರು. ಅರ್ಜಿ ಬರೆದ ಕೈಯನ್ನು ಸೀರೆಯ ಸೆರಗಿನೊಳಗೆ ಬಚ್ಚಿಟ್ಟುಕೊಂಡೆ. ಸದಾನಂದರು ತಮ್ಮ ಸ್ಕೂಟರನ್ನು ತೋರಿಸಿ, ವಾಹನ ಉಂಟಲ್ಲ ಸಾರ್, ಅಂಗಳದಲ್ಲೇ ನಿಲ್ಲುತ್ತದೆ ಎಂದು ಹೇಳಿ ನೋಡಿದರು. ನಕ್ಷೆಯಲ್ಲಿ ವಾಹನದ ಪಕ್ಕದಲ್ಲೇ ಕಂಸದೊಳಗೆ ಕಾರು ಎಂದು ಸ್ಪಷ್ಟ ಇತ್ತು.

ಅಷ್ಟರಲ್ಲಿ ಅಮ್ಮ ಒಳಗಿನಿಂದ ಚಹಾ ತಂದು ಅವರ ಕೈಗಿಟ್ಟಳು. ಕಾರ್ಕಳದಿಂದ ದಿನಾ ಬರುವುದಾ, ಎಷ್ಟು ಗಂಟೆಗೆ ಮನೆ ಬಿಡುವುದು, ಕೂರಲು ಸೀಟು ಸಿಗುತ್ತದಾ ಎಂದೆಲ್ಲ ವಿಚಾರಿಸಿದಳು. ಸಿಗುವುದಿಲ್ಲ ಎಂದು ಅವರು ನಿಟ್ಟುಸಿರು ಬಿಟ್ಟರು. ಆಮೇಲೆ ತಮ್ಮ ಕರ್ತವ್ಯ ನೆನಪಾಗಿ, ಹಾಗಾದ್ರೆ ಇಲ್ಲಿ ಕಾರು ನಿಲ್ಲುವುದಿಲ್ಲ ಅಲ್ವಾ ಅಮ್ಮ ಎಂದು ಮತ್ತೆ ಕೇಳಿದರು.

“ಯಾರು ಹೇಳಿದ್ದು?” ಎಂದಳು ಅಮ್ಮ. “ಇಲ್ಲೇ ನಿಲ್ಲುದು. ಈಗ ಡ್ಯೂಟಿಗೆ ಹೋಗಿದೆ. ಎರಡೂವರೆಗೆ ಬರ್ತದೆ.”

ನಾನು ಗೋಡೆ ನೋಡಿದೆ. ಇಂಜಿನಿಯರ್ ಬಾಗಿಲು ನೋಡಿದರು. ಎರಡೂವರೆ ಅಡಿ ಅಗಲದ ಬಾಗಿಲು, ಪಕ್ಕದ ಕಿಟಕಿಗೆ ಹೂವಿನ ಪರದೆ, ಹೊರಗೆ ಒಗೆದು ಒಣಹಾಕಿದ ಬಿಳಿ ಕೋಟು. ಅವರು ಚಹಾ ಮುಗಿಸಿದರು. ಆಗ ಮಣಿಪಾಲ ಕಡೆಯಿಂದ ಬಸ್ಸು ಬಂತು. ಮೈಮುನಾ ಇಳಿದಳು, ಅಂಗಳದಲ್ಲಿ ಜನ ಕಂಡು ಒಂದು ಕ್ಷಣ ನಿಂತಳು, ಬ್ಯಾಗಿನಿಂದ ತನ್ನ ಕೀಲಿ ತೆಗೆದು ಬಾಗಿಲು ತೆರೆದು ಒಳಗೆ ಹೋದಳು. ಅಮ್ಮ ಇಂಜಿನಿಯರರ ಮುಖ ನೋಡಿ, ಬಂತು ನೋಡಿ ಎಂಬಂತೆ ಗದ್ದ ಎತ್ತಿದಳು.

ಅವರು ಆ ಮುಚ್ಚಿದ ಬಾಗಿಲಿಗೆ ಬೆನ್ನು ಹಾಕಿ ಕುಳಿತು, ಪುಸ್ತಕ ತೆರೆದು ಬರೆಯತೊಡಗಿದರು. ನನಗೆ ಇಣುಕುವ ಅಭ್ಯಾಸ ಇನ್ನೂ ಹೋಗಿಲ್ಲ. ‘ಸ್ಥಳ ಪರಿಶೀಲಿಸಲಾಯಿತು. ಆ ವೇಳೆಯಲ್ಲಿ ವಾಹನ ಹೊರಗೆ ಹೋಗಿತ್ತು.’ ಬರೆದು ಪುಸ್ತಕ ಮುಚ್ಚಿ, ಮತ್ತೊಮ್ಮೆ ಬರಬೇಕಾದೀತು, ಯಾವಾಗ ಎಂದು ಹೇಳಲಾಗದು, ಶನಿವಾರದ ಮೂರು ಗಂಟೆಯ ಕಾರ್ಕಳ ಎಕ್ಸ್‌ಪ್ರೆಸ್ಸಿಗೆ ಹೊತ್ತಾಯಿತು ಎಂದು ಎದ್ದರು. ಅಷ್ಟು ಹೊತ್ತಿಗೆ ಉಡುಪಿ ಬಸ್ ಸ್ಟಾಂಡಿಗೆ ಹೋಗುವ ಸಿಟಿ ಬಸ್ಸು ನಮ್ಮ ಸ್ಟಾಪನ್ನು ಬಿಟ್ಟು ಹೊರಡುತ್ತಿತ್ತು.

ಅಮ್ಮ ಕೊಡೆ ಎತ್ತಿಕೊಂಡು ರಸ್ತೆಗೆ ಓಡಿದಳು.